ಗ್ರಿಲ್ ಬಿಚ್ಚಿದ ಗಾಡಿ

ಇವತ್ತು ಬೆಳಿಗ್ಗೆ ತೊಂಡೆಕಾಯಿ ಕೊಯ್ಯಲು ಹೋಗಿ ಬೆರಳು ಗೀರಿಸಿಕೊಂಡೆ. ತೊಂಡೆಬಳ್ಳಿಗೆ ಮುಳ್ಳಿಲ್ಲ, ಅದು ನನಗೂ ಗೊತ್ತು. ಗೀರಿದ್ದು ಬಳ್ಳಿ ಹಬ್ಬಿರುವ ಚಪ್ಪರ. ಬೇರೆಯವರ ಹಿತ್ತಲಲ್ಲಿ ತೊಂಡೆಗೆ ಬಿದಿರಿನ ಗಳ ಇರುತ್ತದೆ, ಹಳೆ ಸೀರೆಯ ಹಗ್ಗ ಇರುತ್ತದೆ. ನಮ್ಮ ಹಿತ್ತಲಲ್ಲಿ ಅದು ಹಬ್ಬಿರುವುದು ಪಿಕಪ್ ಗಾಡಿಯ ಗ್ರಿಲ್ ಮೇಲೆ. ಗ್ರಿಲ್ ಅಂದರೆ, ಗಾಡಿಯ ಮೂತಿಯಲ್ಲಿ ಎರಡು ದೀಪಗಳ ನಡುವೆ ಹಲ್ಲು ಕಿರಿದ ಹಾಗೆ ಕಾಣುತ್ತದಲ್ಲ, ಆ ಜಾಲರಿ. ಅದೂ ಒಂದಲ್ಲ, ಎರಡಿವೆ. ಕಪ್ಪು ಬಣ್ಣದ್ದು ಗಾಡಿಯ ಜೊತೆಗೇ ಬಂದದ್ದು. ಇನ್ನೊಂದು ಬೆಳ್ಳಿಯ ಹಾಗೆ ಮಿರಮಿರ ಮಿಂಚುತ್ತಿದ್ದದ್ದು, ಈಗ ಮಂಕಾಗಿದೆ. ಬೆರಳು ಗೀರಿದ್ದು ಬೆಳ್ಳಿಯದೇ. ಅದಕ್ಕೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಕಾಣುತ್ತದೆ.

ಹಾಗಾದರೆ ಗಾಡಿ ಎಲ್ಲಿ ಹೋಯಿತು ಅನ್ನುತ್ತೀರಿ. ಎಲ್ಲೂ ಹೋಗಿಲ್ಲ. ಅಂಗಳದಲ್ಲೇ ನಿಂತಿದೆ, ಗ್ರಿಲ್ ಇಲ್ಲದೆ, ಆ ಜಾಗಕ್ಕೆ ಈರುಳ್ಳಿ ಚೀಲದ ಕೆಂಪು ಬಲೆ ಕಟ್ಟಿಕೊಂಡು. ಶಿಕಾರಿಪುರದಿಂದ ಸೊರಬದ ತನಕ ಅದನ್ನು ನೋಡದವರಿಲ್ಲ, ನೋಡಿ ಒಂದು ಮಾತು ಆಡದವರೂ ಇಲ್ಲ. ಮೊನ್ನೆ ಜಡೆ ಊರಿನ ಹತ್ತಿರ ಟೀ ಕುಡಿಯಲು ನಿಲ್ಲಿಸಿದ್ದೆ. ಬೆಂಚಿನ ಮೇಲೆ ಕೂತಿದ್ದ ಅಜ್ಜ ಒಬ್ಬರು ಗಾಡಿಯನ್ನೂ ನನ್ನನ್ನೂ ಒಂದು ಸಲ ನೋಡಿ, "ಎಂತ ಮಾರಾಯ್ತಿ, ಗಾಡಿಗೆ ಹಲ್ಲು ಕೀಳ್ಸಿದ್ದಾ?" ಅಂದರು. "ಹೌದಜ್ಜಾ, ಕೇಳೋರನ್ನ ಕಂಡ್ರೆ ಕಚ್ತಿತ್ತು" ಅಂದೆ. ಅಜ್ಜ ಗೊಳ್ಳನೆ ನಕ್ಕು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಎಲ್ಲರೂ ಆ ಅಜ್ಜನ ಹಾಗೆ ನಕ್ಕು ಸುಮ್ಮನಾಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

ನಮ್ಮನೆಯವರು ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಅತ್ತೆ, ನಾನು, ಮತ್ತೆ ಈ ಗಾಡಿ. ಸೊರಬದ ಕಡೆಯಿಂದ ಭತ್ತದ ಹುಲ್ಲು, ಶಿಕಾರಿಪುರದ ಕಡೆಯಿಂದ ಮೆಕ್ಕೆಜೋಳ, ಶಿರಾಳಕೊಪ್ಪದ ಸಂತೆಯ ಸಾಮಾನು, ಹೀಗೆ ಸಿಕ್ಕಿದ್ದನ್ನು ಹೇರಿಕೊಂಡು ಓಡುವ ಗಾಡಿ. ಅದು ಓಡಿದ ದಿನ ಒಲೆ ಉರಿಯುತ್ತಿತ್ತು. ತಿಥಿ ಮುಗಿದ ಮೇಲೆ ಮೈದುನ ಮಂಜಪ್ಪ ಜಗಲಿಯ ಮೇಲೆ ಕೂತು ಮಾತು ತೆಗೆದ. ಅವನಿಗೆ ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ, ಸ್ವಂತ ಮನೆ. "ಅತ್ಗೆಮ್ಮ, ಗಾಡಿ ಮಾರಿಬಿಡಾಣ. ನೀವೂ ಅವ್ವನೂ ನಮ್ಮನಿಗೆ ಬಂದು ಇದ್ದುಬಿಡ್ರಿ" ಅಂದ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಒಳ್ಳೆಯ ಮನಸ್ಸಿನಿಂದ ಹೇಳಿದ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಅವನ ಮನೆಯಲ್ಲಿ ನನ್ನ ಜಾಗ ಯಾವುದೆಂದು ನನಗೆ ಗೊತ್ತಿತ್ತು. ಮಾಮೂಲಿ ದಿನ ಅಡಿಗೆಮನೆಯ ಬಾಗಿಲ ಹಿಂದೆ, ಶುಭಕಾರ್ಯದ ದಿನ ಅದಕ್ಕಿಂತ ಇನ್ನೊಂದು ಬಾಗಿಲು ಹಿಂದೆ.

"ಮಾರಾದು ಬ್ಯಾಡ. ನಾನೇ ಹೊಡೀತೀನಿ" ಅಂದೆ.

ಹೊಡೆಯಲು ಬರುತ್ತಿತ್ತು ಅನ್ನಿ. ನನ್ನ ತವರು ಸೊರಬದ ಕಡೆ. ಅಲ್ಲಿ ಅಪ್ಪನ ಟ್ರ್ಯಾಕ್ಟರಿನಲ್ಲಿ ಗದ್ದೆ ಉತ್ತವಳು ನಾನು. ಮದುವೆಯಾದ ಮೇಲೆ ನಮ್ಮನೆಯವರು ಪಿಕಪ್ ಕಲಿಸಿ, ಲೈಸೆನ್ಸನ್ನೂ ಮಾಡಿಸಿಕೊಟ್ಟಿದ್ದರು. ಆಗ ಅದು ಇಬ್ಬರಿಗೂ ಒಂದು ತಮಾಷೆಯಾಗಿತ್ತು. ಜಗಲಿಯಲ್ಲಿ ಕೂತಿದ್ದ ಹಿರಿಯರು ಗುಸುಗುಸು ಮಾಡಿ ಕಡೆಗೊಂದು ತೀರ್ಮಾನಕ್ಕೆ ಬಂದರು: ಮುಂದಿನ ಆಯುಧಪೂಜೆಯ ತನಕ ನೋಡುವುದು. ಅಷ್ಟರೊಳಗೆ ಗಾಡಿ ಎಲ್ಲಾದರೂ ಕೆಟ್ಟು ದಾರಿಯಲ್ಲಿ ನಿಂತರೆ ಅವತ್ತೇ ಮಾರುವುದು, ನಿಲ್ಲದಿದ್ದರೆ ಗಾಡಿ ನನ್ನದು. ಇನ್ನೊಂದು ಕರಾರು, ಅತ್ತೆ ಜೊತೆಗೆ ಹೋಗಬೇಕು. ಒಂಟಿ ಹೆಂಗಸು ಒಬ್ಬಳೇ ಹೋಗುವುದು ಚೆನ್ನಾಗಿರುವುದಿಲ್ಲವಂತೆ. ಇಬ್ಬರು ಒಂಟಿ ಹೆಂಗಸರು ಹೋದರೆ ಅದು ಹೇಗೆ ಚೆನ್ನಾಗಿರುತ್ತದೋ, ನಾನು ಕೇಳಲಿಲ್ಲ.

ಅತ್ತೆಯನ್ನು ನೀವು ನೋಡಬೇಕಿತ್ತು. ಕಡ್ಡಿಯಂಥ ಮೈ, ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಸಂಚಿ. ಆ ಸಂಚಿಯಲ್ಲಿ ಅಡಿಕೆಯ ಜೊತೆ ಒಂದು ವಿಭೂತಿ ಗಟ್ಟಿ ಯಾವಾಗಲೂ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮೊದಲ ದಿನ ಗಾಡಿ ಹತ್ತಿ ಕೂತವರೇ, "ನಾ ಸುಮ್ನ ಕುಂದ್ರಾಕ ಬಂದಿಲ್ಲ. ನನಗೂ ಏನಾರ ಕೆಲ್ಸ ಹೇಳು" ಅಂದರು. ಏನು ಹೇಳಲಿ? ಎಂಜಿನ್ನಿನ ಬಿಸಿ ತೋರಿಸುವ ಮೀಟರು ಕಂಡಿತು. "ಅತ್ತೇ, ಆ ಮುಳ್ಳು ಮೇಲೆ ಏಳ್ದಂಗೆ ನೋಡ್ಕಳ್ರಿ. ಅದು ಎದ್ರೆ ಗಾಡಿ ಕುದೀತೈತೆ ಅಂತ" ಅಂದೆ. ಅವರ ಬಾಯಿ ಮುಚ್ಚಿಸಲು ಹೇಳಿದ್ದು, ಸುಳ್ಳೇಕೆ. ಆದರೆ ಅವರು ಆ ಮುಳ್ಳನ್ನು ಮೊಮ್ಮಗುವನ್ನು ಕಾಯುವ ಹಾಗೆ ಕಾಯತೊಡಗಿದರು. ಊರು ದಾಟಿದಾಗೊಮ್ಮೆ ವರದಿ ಬರುತ್ತಿತ್ತು: "ಮಲಗೈತಿ." ಸ್ವಲ್ಪ ಹೊತ್ತಿಗೆ, "ಹೊಳ್ಳಿ ಮಲಗೈತಿ." ಏರಿನಲ್ಲಿ, "ಎದ್ದು ಕುಂತೈತಿ, ಸಾವಕಾಶ ಹೋಗು." ಗಾಡಿಯಲ್ಲಿ ಹಾಡು ಹಾಕಿದರೆ ಆರಿಸಿಬಿಡುತ್ತಿದ್ದರು. ಅದಕ್ಕೆ ನಿದ್ದೆ ಕೆಡುತ್ತದಂತೆ.

ಸುಗ್ಗಿ ಬಂತು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಅಂದರೆ ಅರ್ಧ ರಸ್ತೆ, ಅರ್ಧ ಕಣ. ಟಾರಿನ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ. ಹುರುಳಿ, ರಾಗಿಯನ್ನು ಚಕ್ರದ ಕೆಳಗೇ ಹಾಸಿ ನಮ್ಮಿಂದ ಪುಕ್ಕಟೆ ಒಕ್ಕಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಮಷಿನ್ನು ಹೊಟ್ಟು ತೂರುತ್ತಿರುತ್ತದೆ. ಗಾಡಿ ಅದನ್ನೆಲ್ಲ ಉಸಿರಿನ ಜೊತೆ ಒಳಗೆ ಎಳೆದುಕೊಂಡು ಹೋಗುತ್ತದೆ. ಒಂದು ಮಧ್ಯಾಹ್ನ ಹುಲ್ಲು ಹೇರಿಕೊಂಡು ಹೊಸಬಾಳೆ ಊರು ದಾಟಿದ್ದೆವು. "ಎದ್ದು ಕುಂತೈತಿ" ಅಂದರು ಅತ್ತೆ. ನಾನು ಹೂಂ ಅಂದೆ. "ಏ, ನಿಂತೈತಿ! ಎದ್ದು ನಿಂತೈತಿ ನೋಡಬೇ!" ಎಂದು ನನ್ನ ತೊಡೆಗೆ ಬಾರಿಸಿದರು. ಪಕ್ಕಕ್ಕೆ ನಿಲ್ಲಿಸಿದೆ. ಇದು ಇಲ್ಲಿ ಕುದಿದು ನಿಂತಿತೆಂದರೆ ಮುಗಿಯಿತು, ಗಾಡಿಯೂ ಹೋಯಿತು, ನಾನು ಹೋಗಿ ಮಂಜಪ್ಪನ ಅಡಿಗೆಮನೆಯಲ್ಲಿ ನಿಲ್ಲಬೇಕು.

ಬಗ್ಗಿ ನೋಡಿದರೆ ಗ್ರಿಲ್‌ಗೂ ಅದರ ಹಿಂದೆ ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೂ ನಡುವೆ ಹೊಟ್ಟು, ರವದಿ, ಹುಲ್ಲಿನ ಚೂರು ಸೇರಿ ಹಾಸಿಗೆಯಂತೆ ಗಟ್ಟಿಯಾಗಿ ಕೂತಿದೆ. ರೇಡಿಯೇಟರಿಗೆ ಗಾಳಿಯೇ ಇಲ್ಲ. ಬೆರಳು ಹಾಕಿದರೆ ಗ್ರಿಲ್‌ನ ಸಂದಿಯಲ್ಲಿ ಹೋಗುವುದಿಲ್ಲ. ಜಾಣೆಯಲ್ಲವೇ ನಾನು, ತಲೆಯ ಪಿನ್ನು ತೆಗೆದು ಅದರಿಂದ ಒಂದೊಂದೇ ಎಳೆ ಎಳೆಯತೊಡಗಿದೆ. ಬಿಸಿಲಲ್ಲಿ ಕೂದಲು ಕೆದರಿಕೊಂಡು ಗಾಡಿಯ ಹಲ್ಲುಸಂದಿ ಕೆದಕುತ್ತಿದ್ದವಳನ್ನು ಬಸ್ಸಿನಲ್ಲಿ ಹೋದವರೆಲ್ಲ ನೋಡಿದರು. "ಹಿಂಗಾದ್ರ ಮುಂದಿನ ಸುಗ್ಗಿಗೆ ಮುಗೀತೈತಿ" ಅಂದರು ಅತ್ತೆ. ಸಿಟ್ಟು ಬಂತು. ಸ್ಕ್ರೂಡ್ರೈವರ್ ತೆಗೆದು ಗ್ರಿಲ್ಲನ್ನೇ ಬಿಚ್ಚಿ ಹುಲ್ಲಿನ ಮೇಲೆ ಎಸೆದೆ. ಈಗ ಅಂಗೈ ಹಾಕಿ ಬಾಚಿದರೆ ಸಾಕು, ಎಲ್ಲ ಬಂತು. ಮನೆ ಮುಟ್ಟುವ ತನಕ ಮುಳ್ಳು ಮಲಗಿದ್ದು ಏಳಲಿಲ್ಲ.

ಆಮೇಲೆ ಗ್ರಿಲ್ ಹಾಕಿ, ಅದರ ಮೇಲೆ ಈರುಳ್ಳಿ ಚೀಲ ಕಟ್ಟಿಯೂ ನೋಡಿದೆ. ಮಗ್ಗುಲ ಸಂದಿಯಿಂದ ಹೊಟ್ಟು ನುಗ್ಗಿತು. ಒಳಗೆ ಹೋದದ್ದು ಒಳಗೇ ಉಳಿಯಿತು. ಗ್ರಿಲ್ ತೆಗೆದು, ಚೀಲವನ್ನು ಎರಡು ಪದರ ಮಾಡಿ ಚೌಕಟ್ಟಿಗೇ ಬಿಗಿಯಾಗಿ ಕಟ್ಟಿದರೆ ಹೊಟ್ಟು ಹೊರಗೇ ನಿಲ್ಲುತ್ತದೆ, ನಿಂತಲ್ಲೆಲ್ಲ ಬಡಿದು ಕೊಡವಬಹುದು. ಸರಿ, ಇನ್ನು ಇದೇ ಎಂದು ನಿರ್ಧರಿಸಿದೆ. ಶಿರಾಳಕೊಪ್ಪದ ಮೆಕ್ಯಾನಿಕ್ ಬಾಷಣ್ಣ ನೋಡಿ ಹಣೆ ಚಚ್ಚಿಕೊಂಡ. "ಅಕ್ಕಾ, ಗಾಡಿಗೆ ಗ್ರಿಲ್ ಅಂದ್ರೆ ಮಾನ ರೀ. ನನ್ನ ಗ್ಯಾರೇಜಿಂದ ಇದು ಹಿಂಗೆ ಹೊರಗೆ ಹೋದ್ರೆ ನನ್ನ ಹೆಸರು ಕೆಡ್ತದೆ!" ಅಂದ. "ಬಾಷಣ್ಣ, ಮಾನ ಮುಂದಿಟ್ಕಂಡು ಎಂಜಿನ್ ಸುಟ್ಕಳ್ಲಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಂತೆ" ಅಂದೆ. ಅವನು ಗೊಣಗುತ್ತಲೇ ಆಯಿಲ್ ಬದಲಿಸಿ, ಗಾಡಿಯನ್ನು ಬೇಗ ಅಲ್ಲಿಂದ ತೆಗೆಯಲು ಹೇಳಿದ.

ಜನರ ಮಾತು ಶುರುವಾಯಿತು. ಗಾಡಿಯ ಮುಂಭಾಗ ಅಂದರೆ ನಮ್ಮಲ್ಲಿ ಬರೀ ಮುಂಭಾಗವಲ್ಲ. ಕುಂಕುಮ ಇಡುವುದು ಅಲ್ಲಿ, ಹಾರ ಹಾಕುವುದು ಅಲ್ಲಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ಅಲ್ಲಿ. ಅದನ್ನು ಕಿತ್ತುಹಾಕಿ ಬರೀ ಕಬ್ಬಿಣ ತೋರಿಸಿಕೊಂಡು ತಿರುಗುವುದೆಂದರೆ ಅಪಶಕುನವಂತೆ. ಒಂದು ಸಂತೆಯ ದಿನ ನಾನು ಚೀಲ ಕೊಡವುತ್ತಿದ್ದಾಗ ಹಿಂದೆ ಯಾರೋ ಅಂದರು, "ಮನಿ ಹೆಂಗೈತೋ ಗಾಡಿನೂ ಹಂಗೇ ಮಾಡ್ಯಾಳ ನೋಡು. ಇಬ್ಬರ ಹಣಿನೂ ಬೋಳು, ಗಾಡಿನೂ ಬೋಳು." ನಾನು ತಿರುಗಿ ನೋಡುವಷ್ಟರಲ್ಲಿ ಆ ಬಾಯಿ ಸಂತೆಯಲ್ಲಿ ಕರಗಿತ್ತು. ಅತ್ತೆಗೂ ಕೇಳಿಸಿತು. ಅವತ್ತು ಮನೆ ಸೇರುವ ತನಕ ಅವರು ಮುಳ್ಳಿನ ವರದಿ ಕೊಡಲಿಲ್ಲ.

ಇಳಿಯುವಾಗ ಅಂದರು, "ಆ ಜಾಲರಿ ಹಾಕಿಬಿಡಬೇ."

"ಹಾಕಿದ್ರೆ ಗಾಡಿ ನಿಲ್ತೈತೆ ಅತ್ತೇ. ನಿಂತ್ರೆ ಹೋಗ್ತೈತೆ."

"ನನ್ನ ನೋಡಿ ಮುಖ ತಿರುಗಿಸ್ತಾರ, ನಿನ್ನ ನೋಡಿ ತಿರುಗಿಸ್ತಾರ. ಗಾಡಿನ ನೋಡಿನೂ ತಿರುಗಿಸಬೇಕಾ? ಅದೊಂದಾರ ಚಂದಾಗಿ ಇರ್ಲಿ" ಅಂದರು. ಗ್ರಿಲ್ಲನ್ನು ಹಳೆ ಸೀರೆಯಲ್ಲಿ ಸುತ್ತಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡಿದ್ದರು. ವಾರಕ್ಕೊಮ್ಮೆ ಒರೆಸುತ್ತಿದ್ದರು ಕೂಡ. ನಾನು ಮಾತ್ರ ಹಾಕಲಿಲ್ಲ. ಅವರೂ ಕೇಳುವುದು ಬಿಡಲಿಲ್ಲ. ಬೆಳಿಗ್ಗೆ ಎದ್ದು ಜಗಳ ಆಡುವುದು, ಆಮೇಲೆ ಒಟ್ಟಿಗೆ ಗಾಡಿ ಹತ್ತುವುದು, ಅಷ್ಟೇ ನಮ್ಮ ದಿನಚರಿ.

ಆಯುಧಪೂಜೆ ಬಂತು. ವರ್ಷವಿಡೀ ಗಾಡಿ ದಾರಿಯಲ್ಲಿ ನಿಂತಿರಲಿಲ್ಲ. ಮಂಜಪ್ಪ ಬೆಳಿಗ್ಗೆಯೇ ಬಂದ. ಅವನ ಹಿಂದೆ ಅವನ ಹೆಂಡತಿಯ ಕಡೆಯವರು ಒಂದಿಷ್ಟು ಜನ. ಕೈಯಲ್ಲಿ ಹೊಸ ಗ್ರಿಲ್ಲು, ಕಣ್ಣು ಕುಕ್ಕುವ ಬೆಳ್ಳಿ ಬಣ್ಣದ್ದು. "ಅತ್ಗೆಮ್ಮ, ಗೆದ್ರಿ ಬಿಡ್ರಿ. ಗಾಡಿ ನಿಮ್ದೇ. ಇದು ನನ್ನ ಕಡೆಯಿಂದ" ಅಂದ. ಮನಸ್ಸು ಕರಗಿತು. ಅತ್ತೆಯ ಮುಖ ನೋಡಿದರೆ ಅಲ್ಲಿ ಹಬ್ಬವೇ ಹಬ್ಬ. ಇವತ್ತೊಂದು ದಿನ ಇರಲಿ ಎಂದು ಸುಮ್ಮನಾದೆ. ಮಂಜಪ್ಪ ಚೀಲ ಕಿತ್ತು ಗ್ರಿಲ್ ಹಾಕಿದ. ಅದರ ಮೇಲೆ ಚೆಂಡು ಹೂವಿನ ಹಾರ. ಒಂದು ಹಾರ ಸಾಲದೆಂದು ಇನ್ನೊಂದು, ಅದರ ಮೇಲೆ ಮಾವಿನೆಲೆ, ಅದರ ಮೇಲೆ ಮತ್ತೊಂದು ಹಾರ. ಎರಡು ಕಡೆ ಬಾಳೆಕಂದು. ಗಾಡಿಗೆ ಮೂತಿ ಎಲ್ಲಿ ಅಂತ ಹುಡುಕಬೇಕು, ಹಾಗಾಯಿತು. ಆರತಿಗೆ ಪಕ್ಕದ ಮನೆಯ ಮುತ್ತೈದೆಯನ್ನು ಕರೆಸಿದರು. ಹಿಂದಿನ ದಿನವೆಲ್ಲ ಆ ಗಾಡಿಯ ಒಂದೊಂದು ನಟ್ಟನ್ನೂ ತಿಕ್ಕಿ ತೊಳೆದವಳು ನಾನು. ಆರತಿ ಹೊತ್ತಿಗೆ ಜಗಲಿಯ ಕಂಬದ ಹಿಂದೆ ನಿಂತಿದ್ದೆ.

ಪೂಜೆಯಾದ ಗಾಡಿ ಒಂದು ಸುತ್ತು ಹೋಗಿ ಬರಬೇಕಲ್ಲ. ಶಿಕಾರಿಪುರದಲ್ಲಿ ತನ್ನ ಮನೆಯಲ್ಲೇ ಹೋಳಿಗೆ ಊಟ, ಗಾಡಿ ತಾನೇ ಹೊಡೆಯುವುದಾಗಿ ಹೇಳಿ ಮಂಜಪ್ಪ ಸ್ಟೀರಿಂಗ್ ಮುಂದೆ ಕೂತ. ಅತ್ತೆ ತಮ್ಮ ಜಾಗದಲ್ಲಿ ಕೂತರು. ಉಳಿದವರು, ನಾನೂ ಸೇರಿ, ಹಿಂದೆ ನಿಂತೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಕಿಟಕಿಯಿಂದ ಅತ್ತೆಯ ದನಿ ಕೇಳಿತು, "ಮಂಜಾ, ಎದ್ದು ಕುಂತೈತಿ."

"ಏನು ಕುಂತೈತಿ?"

"ಮುಳ್ಳು."

"ಸುಮ್ನಿರವ್ವಾ, ಹಬ್ಬದ ದಿನ."

"ನಿಂತೈತಿ, ಮಂಜಾ."

"ಅವ್ವಾ, ನಾ ಗಾಡಿ ಹೊಡ್ಯಾದು ಬ್ಯಾಡನು?"

ನಾನು ತಗಡು ಬಡಿದೆ, ಕೂಗಿದೆ. ಹಿಂದಿನವರು ಹಾಡುತ್ತಿದ್ದರು, ಯಾರ ಕಿವಿಗೂ ಬೀಳಲಿಲ್ಲ. ಶಿರಾಳಕೊಪ್ಪದ ಪೇಟೆಯ ನಡುವೆ, ಹಬ್ಬದ ಜನಜಾತ್ರೆಯ ಮಧ್ಯೆ, ಗಾಡಿಯ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ತುಕ್ಕು ಬೆರೆತ ಬಿಸಿನೀರಿನ ಜೊತೆಗೆ ಬೆಂದ ಚೆಂಡು ಹೂವಿನ ವಾಸನೆ. ಆ ವಾಸನೆ ಇವತ್ತಿಗೂ ನನಗೆ ಆಗುವುದಿಲ್ಲ. ಮಂಜಪ್ಪ ಇಳಿದ. ಜನ ಸೇರಿದರು. ಅವನಿಗೆ ನಾಚಿಕೆಯಾಗಿತ್ತು. ನಾಚಿಕೆಯಾದ ಗಂಡಸು ಏನು ಮಾಡುತ್ತಾನೆ? "ನೋಡ್ರಿ, ಹೆಂಗಸರ ಕೈಗೆ ಗಾಡಿ ಕೊಟ್ರ ಹಿಂಗಾ. ವರ್ಷಪೂರ್ತಿ ಎಂಜಿನ್ ಹಾಳುಗೆಡವಿ ಇಟ್ಟಾರ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಆಡಿದ ಮಾತು ನೆನಪೈತಲ್ಲ ಅತ್ಗೆಮ್ಮ? ದಾರ್ಯಾಗ ನಿಂತ್ರ ಮಾರಾದು ಅಂತ. ಇವತ್ತಿನ್ನೂ ಆಯುಧಪೂಜೆನ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲಕ್ಕೆ ತಾನೇ ಹೂ ಹಾಸಿ ಜಾರಿಬಿದ್ದು ನೆಲ ಡೊಂಕು ಅನ್ನುತ್ತಿದ್ದಾನೆ!

ಅವನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ತೆಗೆದಿದ್ದರೆ ಕುದಿಯುವ ನೀರು ಮುಖಕ್ಕೆ ಎಗರುತ್ತಿತ್ತು. ಕೈಗೆ ಫಟ್ಟನೆ ಹೊಡೆದು ಪಕ್ಕಕ್ಕೆ ತಳ್ಳಿದೆ. ಆಮೇಲೆ ಹಾರಗಳನ್ನು ಹಿಡಿದು ಎಳೆದೆ. ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ. "ಅಯ್ಯಯ್ಯೋ, ಪೂಜಿ ಮಾಡಿದ ಹೂ ಕಿತ್ಳು!" ಎಂದರು ಯಾರೋ. "ಅದೂ ಇಂಥಾಕಿ!" ಎಂದರು ಇನ್ಯಾರೋ. ತಿರುಗಿ ನಿಂತೆ. ಈ ಸಲ ಆ ಬಾಯಿ ಸಂತೆಯಲ್ಲಿ ಕರಗಲು ಬಿಡಲಿಲ್ಲ.

"ಇಂಥಾಕಿ ಅಂದ್ರೆ ಎಂಥಾಕಿ? ಹೇಳ್ರಿ. ಈ ಗಾಡಿ ಹೊಡ್ದು ಅನ್ನ ಉಣ್ಣಾಕಿ. ಮತ್ತೇನಾರ ಹೇಳಾದೈತಾ?"

ಸ್ಕ್ರೂಡ್ರೈವರ್ ತೆಗೆದೆ. ಗ್ರಿಲ್ ಕೆಂಡದ ಹಾಗೆ ಕಾದಿತ್ತು. ಸೆರಗು ಸುತ್ತಿಕೊಂಡು ಬಿಚ್ಚಿ ರಸ್ತೆಯ ಮೇಲಿಟ್ಟೆ. ರೇಡಿಯೇಟರಿಗೆ ಬೆಂದ ಚೆಂಡು ಹೂವಿನ ಎಸಳು ಮೆತ್ತಿಕೊಂಡು ಕೂತಿದ್ದವು. ಹಿಡಿ ತುಂಬ ಕಿತ್ತು ಮಂಜಪ್ಪನ ಅಂಗೈಗೆ ಹಾಕಿದೆ. "ಇದನ್ನ ನಾನು ತುಂಬ್ಸಿದ್ದಾ? ವರ್ಷಪೂರ್ತಿ ಹೊಟ್ಟಿಗೆ ನಿಲ್ಲದ ಗಾಡಿ ನಿನ್ನ ಹೂವಿಗೆ ನಿಂತೈತೆ" ಅಂದೆ. ಬಾಷಣ್ಣ ಗ್ಯಾರೇಜಿನಿಂದ ಕೊಡದಲ್ಲಿ ನೀರು ತಂದ. ಗಾಡಿ ಆರುವ ತನಕ ಎಲ್ಲರೂ ಕಾದೆವು. ಮಂಜಪ್ಪ ಅಂಗೈಯಲ್ಲಿದ್ದ ಎಸಳನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದ.

ಆಗ ಅತ್ತೆ ಇಳಿದು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಸಂಚಿ ಬಿಚ್ಚಿ ವಿಭೂತಿ ಗಟ್ಟಿ ತೆಗೆದರು. ಕೊಡದ ನೀರಿನಲ್ಲಿ ಬೆರಳು ಅದ್ದಿ, ಗಟ್ಟಿಯ ಮೇಲೆ ತಿಕ್ಕಿ, ರೇಡಿಯೇಟರಿನ ಮೇಲಿನ ಬರೀ ಕಬ್ಬಿಣದ ಪಟ್ಟಿಗೆ ಮೂರು ಬೆರಳಿನ ವಿಭೂತಿ ಎಳೆದರು. ತಮ್ಮ ಹಣೆಗೆ ಎಳೆದುಕೊಳ್ಳುವ ಹಾಗೆಯೇ, ಒಂದೇ ಎಳೆತದಲ್ಲಿ. ಆಮೇಲೆ ನೆರೆದವರ ಕಡೆ ತಿರುಗಿದರು.

"ನನ್ನ ಹಣಿ ಕುಂಕುಮ ಒರೆಸಿದ್ರಲ್ಲ, ಆವತ್ತು ನಾನೇನು ಸತ್ತೆನು? ಉಸಿರಾಡಿದ್ನೋ ಇಲ್ಲೋ? ಇದೂ ಉಸಿರಾಡ್ಲಿ ಬಿಡ್ರಿ."

ಅತ್ತೆ ಸಂಚಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮಂಜಾ, ನೀ ಹಿಂದ ಹತ್ತು" ಎಂದರು. ಅವನು ಹತ್ತಿದ. "ನೀ ಹೊಡಿ. ಮುಳ್ಳು ನಾ ನೋಡ್ತೀನಿ" ಎಂದು ನನಗೆ ಹೇಳಿ ತಮ್ಮ ಜಾಗದಲ್ಲಿ ಕೂತರು. ಶಿಕಾರಿಪುರದ ತನಕ ಒಂದೇ ವರದಿ: "ಮಲಗೈತಿ." ಹೋಳಿಗೆ ಉಂಡೆವು. ಗಾಡಿ ಮಾರುವ ಮಾತನ್ನು ಆ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ಮಂಚದ ಕೆಳಗಿದ್ದ ಕಪ್ಪು ಗ್ರಿಲ್ಲನ್ನೂ ಈ ಬೆಳ್ಳಿಯದನ್ನೂ ಹಿತ್ತಲಿಗೆ ತಂದು, ಗೂಟಕ್ಕೆ ಕಟ್ಟಿ, ಕೆಳಗೆ ತೊಂಡೆ ನೆಟ್ಟವರು ಅತ್ತೆಯೇ.

ಅವರು ಈಗಿಲ್ಲ. ಪಕ್ಕದ ಸೀಟು ಖಾಲಿ. ಏರು ಹತ್ತುವಾಗ ನಾನೇ ಜೋರಾಗಿ "ಎದ್ದು ಕುಂತೈತಿ" ಎಂದು ಹೇಳಿಕೊಳ್ಳುತ್ತೇನೆ. ಎದುರು ಬರುವವರಿಗೆ ಹುಚ್ಚಿಯ ಹಾಗೆ ಕಾಣುತ್ತೇನೋ ಏನೋ, ಕಾಣಲಿ. ಬೆರಳು ಗೀರಿದ್ದಕ್ಕೆ ಇವತ್ತು ಅವರ ಸಂಚಿಯನ್ನೇ ಬಿಚ್ಚಿ ವಿಭೂತಿ ಒತ್ತಿಕೊಂಡೆ. ಗಟ್ಟಿ ಸವೆದು ಎಲೆಗೆ ಹಾಕುವ ಅಡಿಕೆ ಚೂರಿನಷ್ಟಾಗಿದೆ. ಒತ್ತಿಕೊಂಡು ಕೂತಾಗ ಒಂದು ಯೋಚನೆ ಬಂತು. ನಾಳೆ ಆಯುಧಪೂಜೆ. ಗ್ರಿಲ್ ಬಿಚ್ಚಿದೆ, ಹಾರ ಕಿತ್ತೆ, ಪೇಟೆಯ ನಡುವೆ ಜಗಳ ಆಡಿದೆ. ಇಷ್ಟೆಲ್ಲ ಮಾಡಿದವಳು ಪ್ರತಿ ವರ್ಷ ಆರತಿಯ ಹೊತ್ತಿಗೆ ಮಾತ್ರ ಪಕ್ಕದ ಮನೆಯವರನ್ನು ಕರೆದು, ನಾನು ಹೋಗಿ ಅದೇ ಕಂಬದ ಹಿಂದೆ ನಿಲ್ಲುತ್ತಿದ್ದೆನಲ್ಲ, ಯಾತಕ್ಕೆ? ಆ ಕಂಬಕ್ಕೇನು ನಾನು ಆಧಾರವೇ?

ಈಗಷ್ಟೇ ಮಂಜಪ್ಪ ಫೋನ್ ಮಾಡಿದ್ದ. ಹಬ್ಬದ ಹಿಂದಿನ ದಿನ ಮಾಡಿಯೇ ಮಾಡುತ್ತಾನೆ.

"ಅತ್ಗೆಮ್ಮ, ಆರತಿಗೆ ಯಾರಿಗೆ ಹೇಳೀರಿ?"

"ಯಾರಿಗೂ ಇಲ್ಲ. ನಾನೇ ಎತ್ತುತೀನಿ."

ಅವನು ಕೆಮ್ಮಿ, "ಆತು. ಹೂ ಎಷ್ಟು ತರ್ಲಿ?" ಅಂದ.

"ಗಾಡಿ ಮಗ್ಗುಲ ಎರಡು ಕನ್ನಡಿಗೆ ಆಗೋವಷ್ಟು."

ನೀವೂ ಬನ್ನಿ. ಮಂಡಕ್ಕಿ, ಬೆಲ್ಲ, ಕಾಯಿಚೂರು ಇರುತ್ತದೆ, ತೊಂಡೆಕಾಯಿ ಪಲ್ಯವೂ ಇರುತ್ತದೆ. ಹಾರ ತರುವವರು ತನ್ನಿ, ಕನ್ನಡಿಗೆ ಹಾಕಿ. ಗಾಡಿಯ ಮುಂದಕ್ಕೆ ಮಾತ್ರ ಯಾರೂ ಕೈ ಹಾಕಬೇಡಿ, ಅಲ್ಲಿ ನಾನು ನಿಂತಿರುತ್ತೇನೆ.